ಬಲಗಡೆಯ ದೀಪ

ಗಾಜಿನಂಗಡಿಯವರು ಜನರನ್ನು ಸರಿಸಿಕೊಂಡು ಒಳಗೆ ಬಂದವರೇ ಕಂಕುಳಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದು, ಮಲಗಿಸಿದ್ದ ದೇಹದ ಎದೆಯ ಮೇಲಿಟ್ಟರು. ಹೂದಾನಿ, ಗಾಜಿನ ಹಂಸ, ಹಿತ್ತಾಳೆಯ ಗೊಂಬೆಗಳು ತುಂಬಿದ, ಗಿರಾಕಿಗಳಿಗೆ ತೋರಿಸುವ ಅವರ ಅಂಗಡಿಯ ಚಿತ್ರಪುಸ್ತಕ ಅದು. ತೀರಿಕೊಂಡವನು ಇಪ್ಪತ್ತಾರು ವರ್ಷ ಅಂಥ ಪುಸ್ತಕಗಳಿಗೆ ಫೋಟೊ ತೆಗೆದಿದ್ದ.

“ಇವರ ಕೊನೇ ಪುಸ್ತಕ. ತೆಗೆದಿದ್ದರಲ್ಲೆಲ್ಲ ಇದೇ ಚೆನ್ನಾಗಿರೋದು. ಜೊತೇಲೇ ಹೋಗ್ಲಿ,” ಎಂದರು.

ಬಾಗಿಲ ಬಳಿ ಕುರ್ಚಿ ಜೋಡಿಸುತ್ತಿದ್ದ, ತೀರಿಕೊಂಡವನ ತಮ್ಮ ಕೈಯಲ್ಲಿದ್ದ ಕುರ್ಚಿಯನ್ನು ಅಲ್ಲೇ ಬಿಟ್ಟ. ಬಂದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಅವನೂ ಆಡಿಸಿದ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

*

ಸ್ಟುಡಿಯೊದಲ್ಲಿ ಅಣ್ಣ ಒಂದು ಹೂದಾನಿಗೆ ಅರ್ಧ ದಿನ ಹಿಡಿಯುತ್ತಿದ್ದ, ತಮ್ಮ ಜೊತೆಗಿದ್ದು ನೆರವಾಗುತ್ತಿದ್ದ. ದೀಪ ಎಡಗಡೆ, ಬೆಳಕನ್ನು ತಿರುಗಿಸುವ ಬಿಳಿ ರಟ್ಟು ಬಲಗಡೆ. ಏನೇ ಆದರೂ ಅದು ಬದಲಾಗುತ್ತಿರಲಿಲ್ಲ. ಹೊಳೆಯುವ ಹಿತ್ತಾಳೆಯಲ್ಲಿ ತನ್ನ ಮುಖ ಕಾಣಬಾರದೆಂದು ಕಪ್ಪು ಬಟ್ಟೆಗೆ ತೂತು ಮಾಡಿ, ಅದರ ಹಿಂದೆ ಕ್ಯಾಮೆರಾ ಇಟ್ಟು ಕೂರುತ್ತಿದ್ದ. ಗಿರಾಕಿ ಕೊಳ್ಳುವುದು ಗೊಂಬೆಯನ್ನು, ನನ್ನ ಮೂತಿಯನ್ನಲ್ಲ ಎಂದು ನಗುತ್ತಿದ್ದ. ಧೂಳಿನ ಒಂದು ಕಣ ಕಂಡರೆ ಕಳ್ಳ ಸಿಕ್ಕಿದ ಹಾಗೆ ಕೂಗುತ್ತಿದ್ದ.

ಆ ಕಣ್ಣು ಮಂಜಾಗುತ್ತ ಬಂತು. ಅವನು ಹೇಳಲಿಲ್ಲ, ತಮ್ಮ ಕೇಳಲಿಲ್ಲ. ಫೋಟೊದಲ್ಲಿ ಹಂಸದ ಕೊಕ್ಕು ಮಸುಕು, ಹಿಂದಿನ ಬಟ್ಟೆಯ ನೂಲು ಸ್ಪಷ್ಟ. ಅದನ್ನೇ ನೋಡಿ ‘ಚೆನ್ನಾಗಿ ಬಂದಿದೆ’ ಎಂದು ಅಣ್ಣ ಮನೆಗೆ ಹೊರಟರೆ, ತಮ್ಮ ಬಾಗಿಲು ಹಾಕಿಕೊಂಡು ಅದೇ ಹಂಸವನ್ನು ಮತ್ತೆ ನಿಲ್ಲಿಸುತ್ತಿದ್ದ. ಕದ್ದು ಮಾಡುವ ಕೆಲಸಕ್ಕೆ ಅವಸರ ಜಾಸ್ತಿ. ಸ್ವಿಚ್ ಬಲಗಡೆ ಹತ್ತಿರವಿತ್ತು, ದೀಪವನ್ನು ಅಲ್ಲೇ ಇಟ್ಟ. ಅಂಗಡಿಗೆ ಹೋದದ್ದೆಲ್ಲ ತಮ್ಮ ತೆಗೆದ ಚಿತ್ರಗಳೇ. ಅಣ್ಣನ ಮರ್ಯಾದೆ ಉಳಿಸಿದೆನೆಂದು ಒಳಗೊಳಗೇ ಬೀಗಿದ್ದೂ ಸುಳ್ಳಲ್ಲ.

ಆ ಚಿತ್ರಗಳ ಪುಸ್ತಕ ಅಚ್ಚಾಗಿ ಬಂದ ವಾರವೇ ಅಣ್ಣ ಮಂಡಿನೋವೆಂದು ಸ್ಟುಡಿಯೊಗೆ ಬರುವುದನ್ನು ನಿಲ್ಲಿಸಿದ. ಮತ್ತೆ ಬರಲೇ ಇಲ್ಲ.

*

ಗಾಡಿ ಬಂದು ನಿಂತಿತು. ತಮ್ಮ ಒಳಕೋಣೆಗೆ ಹೋಗಿ, ಆ ಪುಸ್ತಕವನ್ನು ತೆಗೆಸೋಣ ಎಂದು ಅತ್ತಿಗೆಗೆ ಹೇಳಿದ. ಯಾಕೆಂದು ಕೇಳಿದರೆ ಕೊಡಲು ಒಂದು ನೆಪ ಹೊಂದಿಸಿಕೊಂಡಿದ್ದ. ಅತ್ತಿಗೆ ಕೇಳಲಿಲ್ಲ.

“ಇವರಿಗೆ ಗೊತ್ತಿತ್ತು ಕಣಪ್ಪ,” ಎಂದರು. “ಪುಸ್ತಕ ಬಂದ ದಿನಾನೇ ಕಿಟಕಿ ಹತ್ರ ಹಿಡ್ಕೊಂಡು ನೋಡಿದ್ರು. ಕಣ್ಣು ಎಷ್ಟೇ ಮಂಜಾದ್ರೂ ನೆರಳು ಕಾಣುತ್ತಲ್ಲ. ಎಲ್ಲಾ ಎಡಕ್ಕೆ ಬಿದ್ದಿದೆ, ಇದು ನನ್ನದಲ್ಲ ಅಂದ್ರು.”

“ಬೈದ್ನಾ, ಅತ್ತಿಗೆ?”

“ಇಲ್ಲ. ನನಗಿಂತ ಚೆನ್ನಾಗಿ ತೆಗೆದಿದಾನೆ ಅಂದ್ರು. ಒಂದು ಮಾತು ಹೇಳಿದ್ರೆ ಪಕ್ಕದಲ್ಲಿ ರಟ್ಟು ಹಿಡ್ಕೊಂಡು ನಿಂತಿರ್ತಿದ್ದೆ ಅಂದ್ರು. ನೀನೇ ಬಂದು ಹೇಳ್ತೀಯ ಅಂತ ಕಾದ್ರು.”

ಪುಸ್ತಕ ಬಂದು ಎರಡು ವರ್ಷವಾಗಿತ್ತು. ತಮ್ಮ ಪ್ರತಿ ಭಾನುವಾರ ಬಂದು, ಮಂಡಿ ಹೇಗಿದೆ ಎಂದು ವಿಚಾರಿಸಿ, ನೋವಿನ ಎಣ್ಣೆ ಕೊಟ್ಟು ಹೋಗಿದ್ದ. ಅಣ್ಣನೂ ಪ್ರತಿ ಸಲ ಆ ಎಣ್ಣೆಯನ್ನು ಇಸಿದುಕೊಂಡಿದ್ದ. ಈಗ ಅಳು ಬಂತು, ತಡೆಯಲಾಗಲಿಲ್ಲ.

ಅತ್ತಿಗೆ ಹಜಾರಕ್ಕೆ ಬಂದು ಎದೆಯ ಮೇಲಿದ್ದ ಪುಸ್ತಕವನ್ನು ತೆಗೆದು ಅವನ ಕೈಗೆ ಕೊಟ್ಟರು.

“ನಿನ್ನದು. ನೀನೇ ಇಟ್ಕೋ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಹೊತ್ತಾಯಿತು, ಎತ್ತಿ ಎಂದು ಯಾರೋ ಹೇಳಿದರು. ಚಟ್ಟದಲ್ಲಿ ತಲೆಯ ಕಡೆಯ ಒಂದು ಮೂಲೆ ತಮ್ಮನದೆಂದು ಬೆಳಿಗ್ಗೆಯೇ ಗೊತ್ತುಮಾಡಿದ್ದರು. ಅವನು ಎರಡೂ ಕೈಯಲ್ಲಿ ಪುಸ್ತಕ ಹಿಡಿದು ನಿಂತೇ ಇದ್ದ. ಗಾಜಿನಂಗಡಿಯವರು ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಗ್ಗಿ, ಆ ಮೂಲೆಗೆ ಹೆಗಲು ಕೊಟ್ಟರು.