ಕ್ಲಾರಿನೆಟ್‌ನವನ ಮುಂದಿನ ಹಲ್ಲು

ಹಲ್ಲುನೋವು ಬಂದದ್ದು ನನ್ನ ಗಂಡನಿಗೆ. ನಿದ್ದೆಗೆಟ್ಟದ್ದು ಮನೆಮಂದಿಯೆಲ್ಲ.

ಕ್ರಿಸಾಂತೋ ನಮ್ಮೂರ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾನೆ. ನಮ್ಮ ಬುಲಾಕಾನ್ ಸೀಮೆಯಲ್ಲಿ ಮದುವೆಗೂ ಬ್ಯಾಂಡು ಬೇಕು, ಮಣ್ಣಿಗೂ ಬ್ಯಾಂಡು ಬೇಕು. ಅವನ ಮೇಲಿನ ಮುಂದಿನ ಹಲ್ಲು ಕಪ್ಪಾಗಿ ಒಸಡು ಬಾತಿತ್ತು. ಸೀಬೆ ಎಲೆ ಅಗಿದ. ಆಮೇಲೆ ಎಂದೋ ಉಳಿದಿದ್ದ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಡಿಸಿ, ಪುಡಿಯನ್ನು ಹಲ್ಲಿನ ತೂತಿಗೆ ತುಂಬಿದ. ಗಾಯ ಕಂಡರೆ ಸಾಕು, ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಬೆಳಗಾಗುವಷ್ಟರಲ್ಲಿ ತುಟಿ ಬನ್ನಿನ ಹಾಗೆ ದಪ್ಪಗಾಗಿತ್ತು.

"ಕೀಳಿಸಿ ಬಿಸಾಕ್ತೀನಿ. ಪೀಡೆ ತೊಲಗ್ಲಿ," ಅಂದ.

"ಕೀಳಿಸು ಮಾರಾಯ. ನಮಗೂ ಒಂಚೂರು ನಿದ್ದೆ ಬರ್ಲಿ," ಅಂದೆ. ನನಗೆ ಸಾಕಾಗಿಹೋಗಿತ್ತು.

ಬೇಲಿಯಾಚೆ ನೆನಿತಾ ಬಟ್ಟೆ ಒಣಹಾಕುತ್ತಿದ್ದಳು. ನಮ್ಮ ಮಗಳ ದೀಕ್ಷಾಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತವಳು ಅವಳು, ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು 'ಮಾರೆ' ಅಂತ.

"ಮಾರೆ, ನಿನ್ನ ಗಂಡನಿಗೆ ತಲೆಗಿಲೆ ಕೆಟ್ಟಿದ್ಯಾ? ಆ ಹಲ್ಲು ಹೋದ್ರೆ ಕ್ಲಾರಿನೆಟ್ ಎಲ್ಲಿ ಆನಿಸ್ತಾನೆ, ಮೂಗಿಗಾ? ಮಾಯೆಸ್ತ್ರೋ ಫೆರ್ಮಿನ್ ಅವ್ರನ್ನ ನೋಡಿಲ್ವಾ? ಹಲ್ಲು ಕೀಳಿಸಿದ ಮೇಲೆ ಊದೋಕಾಗ್ದೆ, ಬ್ಯಾಂಡಿನ ಮುಂದೆ ಬರೀ ಕೈ ಆಡಿಸ್ತಾ ನಿಂತ್ಕೊಂಡ್ರು."

ಮಾಯೆಸ್ತ್ರೋ ಅಂದರೆ ಬ್ಯಾಂಡಿನ ಗುರು. ಕ್ರಿಸಾಂತೋಗೆ ಊದಲು ಕಲಿಸಿದವರೇ ಅವರು.

"ರೂಟ್ ಕೆನಾಲ್ ಮಾಡಿಸು. ನಾನು ಮಾಡಿಸ್ಕೊಂಡಿಲ್ವಾ?" ಅಂದಳು ನೆನಿತಾ.

"ಜೀವ ಹೋಗೋ ನೋವಂತೆ," ಅಂದ ಇವನು, ಕೆನ್ನೆ ಹಿಡಿದುಕೊಂಡೇ.

"ಈಗೇನು ಹಾಯಾಗಿದ್ದೀಯಾ?" ಅಂದಳು ಅವಳು.

ಅವತ್ತೇ ಅವನನ್ನು ಕರೆದುಕೊಂಡು ಹೋದೆ. ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ತೆಗೆದು ತೋರಿಸಿದರು. "ಬೇರಿನೊಳಗೆ ಕೊಳೆತಿದೆ. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು, ಒಳಗಿನ ಹೊಲಸೆಲ್ಲ ತೆಗೆದು ತೊಳೀತೀನಿ. ಔಷಧಿ ಇಟ್ಟು ಸದ್ಯಕ್ಕೆ ಮುಚ್ತೀನಿ. ಹಲ್ಲು ಅಲ್ಲೇ ಇರುತ್ತೆ. ನೋವಾದ್ರೆ ಕೈಯೆತ್ತಿ, ನಿಲ್ಲಿಸ್ತೀನಿ."

ಅವನು ಕೈಯೆತ್ತಲಿಲ್ಲ, ಗೊರಕೆ ಹೊಡೆದ. ಅಷ್ಟು ದಿನ ಬಾರದ ನಿದ್ದೆ ಆ ಕುರ್ಚಿಯಲ್ಲಿ ಬಂತು. ಹೊರಗೆ ಬೆಂಚಿನ ಮೇಲೆ ನಾನೂ ತೂಕಡಿಸಿದೆ.

"ಮರಗಟ್ಟಿದ್ದು ಬಿಡೋವರೆಗೂ ತಿನ್ಬೇಡಿ, ತುಟಿ ಕಚ್ಕೋತೀರಿ," ಅಂದರು ಡಾಕ್ಟರಮ್ಮ. "ಕೆಲವು ದಿನ ಒತ್ತಿದ್ರೆ ನೋಯುತ್ತೆ, ಹೆದರ್ಬೇಡಿ. ನಾನು ಬರೆದ ಮಾತ್ರೆ ಬಿಟ್ಟು ಬೇರೇನೂ ಬೇಡ. ಬಾವು ಹೆಚ್ಚಾದ್ರೆ, ಜ್ವರ ಬಂದ್ರೆ ತಕ್ಷಣ ಬನ್ನಿ. ಮುಂದಿನ ವಾರ ಪೂರ್ತಿ ತುಂಬಿಸ್ತೀನಿ. ಅಲ್ಲೀವರೆಗೆ ಆ ಹಲ್ಲಲ್ಲಿ ಕಚ್ಬೇಡಿ, ಕ್ಲಾರಿನೆಟ್ಟೂ ಬೇಡ."

ಲುಗಾವ್ ಗಂಜಿ ಕುಡಿದುಕೊಂಡು ಮಲಗಿದ. ನೋವು ಇಳಿಯಿತು. ಇಳಿದದ್ದೇ ತಡ, "ಇನ್ಯಾಕೆ ಮತ್ತೆ ಹೋಗ್ಬೇಕು?" ಅಂತ ಶುರು ಮಾಡಿದ.

ಅಷ್ಟರಲ್ಲಿ ಮಾಯೆಸ್ತ್ರೋ ಫೆರ್ಮಿನ್ ತೀರಿಕೊಂಡರು. ಗುರುವಿನ ಮಣ್ಣಿಗೆ ಶಿಷ್ಯ ಊದದಿದ್ದರೆ ನಮ್ಮಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಕ್ರಿಸಾಂತೋ ಸಮವಸ್ತ್ರ ತೊಟ್ಟು ಕ್ಲಾರಿನೆಟ್ ತೆಗೆದ.

ಕೂಗಾಡಲು ನನಗೆ ಶಕ್ತಿ ಇರಲಿಲ್ಲ. "ಹೋಗು. ಮತ್ತೆ ಬಾವು ಬಂದು ಹಲ್ಲು ಹೋದ್ರೆ ನೀನು ಊದೋದು ಇದೇ ಕೊನೆ. ಅವರು ನಿನಗೆ ಕಲಿಸಿದ್ದು ಇದೊಂದು ದಿನಕ್ಕಾ?"

ಅವನು ಮಂಚದ ಮೇಲೆ ಕೂತು ಅತ್ತುಬಿಟ್ಟ.

ಮಣ್ಣಿನ ಮೆರವಣಿಗೆಯಲ್ಲಿ, ಸುಡುಬಿಸಿಲಿನಲ್ಲಿ, ಬ್ಯಾಂಡಿನ ಮೊದಲ ಸಾಲಿನಲ್ಲೇ ನಡೆದ, ಕ್ಲಾರಿನೆಟ್ಟನ್ನು ಎದೆಗೊತ್ತಿಕೊಂಡು, ಊದದೆ. ಜನ ಗೊಣಗಿದರು. ಮಾಯೆಸ್ತ್ರೋ ಅವರ ಹೆಂಡತಿ ಮಾತ್ರ ಅವನ ಕೈ ಹಿಡಿದು, "ಒಳ್ಳೇದು ಮಾಡ್ದೆ ಮಗಾ. ಹಲ್ಲು ಹೋದ ಮೇಲೆ ಅವರು ಎಷ್ಟು ಕೊರಗಿದ್ರು ಅಂತ ನನಗೆ ಗೊತ್ತು," ಅಂದರು.

ಮತ್ತೆ ಡಾಕ್ಟರಮ್ಮನ ಬಳಿ ಹೋಗುವ ದಿನ, ನಾನು ಹೇಳುವ ಮೊದಲೇ ಹೊರಟು ನಿಂತಿದ್ದ. ಡಾಕ್ಟರಮ್ಮ ಹಲ್ಲನ್ನು ಪೂರ್ತಿ ತುಂಬಿಸಿ, ಯಾವಾಗಿನಿಂದ ಊದಬಹುದು ಎಂದೂ ಹೇಳಿದರು.

ಮಾಯೆಸ್ತ್ರೋ ತೀರಿಕೊಂಡ ನಲವತ್ತನೇ ದಿನದ ಪ್ರಾರ್ಥನೆಗೆ ಗೋರಿಯ ಬಳಿ ಸೇರಿದೆವು. ಕ್ರಿಸಾಂತೋ ಕ್ಲಾರಿನೆಟ್ಟನ್ನು ಬಾಯಿಗಿಟ್ಟು, ಅಂದು ಊದದೆ ಉಳಿದದ್ದನ್ನು ಗುರುವಿಗೆ ಒಬ್ಬನೇ ಊದಿದ. ಗೊಣಗಿದವರೂ ಟೋಪಿ ತೆಗೆದು ನಿಂತರು.

ಓದಿದವರೇ, ಕೇಳಿದವರೇ, ಕೀಳಿಸುವ ಮೊದಲು "ಉಳಿಸೋಕಾಗುತ್ತಾ?" ಅಂತ ಹಲ್ಲಿನ ಡಾಕ್ಟರನ್ನು ಒಂದು ಮಾತು ಕೇಳಿ. ಕಂಡ ಕಂಡ ಪುಡಿ ತುಂಬಬೇಡಿ. ನೋವು ನಿಂತಿತು ಅಂತ ಅರ್ಧಕ್ಕೆ ಬಿಡಬೇಡಿ. ಅಗಿಯುವ ಹಲ್ಲಾದರೆ ಮೇಲೆ ಕ್ಯಾಪ್ ಬೇಕಾಗಬಹುದು, ಅದನ್ನೂ ಹಾಕಿಸಿಕೊಳ್ಳಿ. ನಿಮ್ಮ ಹಲ್ಲೂ ಉಳಿಯುತ್ತದೆ, ನಿಮ್ಮ ಮನೆಯವರೂ ಕಣ್ತುಂಬ ಮಲಗುತ್ತಾರೆ.