ಹಳೇ ಎಂಜಿನ್ನಿಗೆ ಹೊಸ ಆಯಿಲ್

ಗುರುವಾರ ಬೆಳಿಗ್ಗೆ ಐದು ಗಂಟೆಗೆ, ನೋಲಾ ಟಪಾಲು ಚೀಲಗಳನ್ನು ಪಿಕಪ್ಪಿಗೆ ತುಂಬಿ ಮುಗಿಸಿದ ಹೊತ್ತಿಗೆ, ಕ್ಲೆಮ್ ಒಂದು ಸಣ್ಣ ಸುಳ್ಳು ಹೇಳಿದ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ಹೇಳಿದ ಸುಳ್ಳುಗಳನ್ನೆಲ್ಲ ಗುಡ್ಡೆ ಹಾಕಿದರೆ ಇದು ಎಲ್ಲೋ ಅಡಿಯಲ್ಲಿ ಬೀಳುವಂಥದ್ದು.

"ಆಯಿಲ್ ನಾನು ನೋಡಾಯ್ತು. ಭರ್ತಿ ಇದೆ. ನೀನು ಹೊರಡು," ಅಂದ.

ಬಾನೆಟ್ ಎತ್ತಲು ಹೊರಟಿದ್ದ ನೋಲಾ ಕೈಯಲ್ಲಿ ಹಳೇ ಬಟ್ಟೆ ಹಿಡಿದು ಹಾಗೇ ನಿಂತಳು. ಇಪ್ಪತ್ತೆರಡು ವರ್ಷದಿಂದ ಪ್ರತಿ ಗುರುವಾರ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುವುದು ಅವಳದೇ ಕೆಲಸ. ಅದು ಮುಗಿಯದೆ ಅವಳು ಕೀಲಿ ತಿರುಗಿಸಿದವಳಲ್ಲ.

"ಏನೋ ಇದು? ಇವತ್ತು ಸೂರ್ಯ ಯಾವ ಕಡೆ ಹುಟ್ತಾನೆ?"

"ನಲವತ್ತಾರು ಡಿಗ್ರಿ ಅಂತಿದ್ದಾರೆ. ಬಿಸಿಲೇರೋದ್ರೊಳಗೆ ಹೊರಡಲಿ ಅಂತ ನೋಡಿಟ್ಟೆ. ಅದೂ ತಪ್ಪಾ?"

"ಸರಿ ಬಿಡಪ್ಪ. ಗಂಡನ ಮಾತು ವರ್ಷಕ್ಕೊಂದ್ಸಲನಾದ್ರೂ ನಂಬಬೇಕಂತೆ," ಎಂದು ನಕ್ಕು ಬಟ್ಟೆಯನ್ನು ಅವನ ಹೆಗಲ ಮೇಲೆ ಎಸೆದಳು. ಕ್ಯಾಸೆಟ್ ಹಾಕಿ, ಹಾಡಿನ ಸದ್ದು ಜೋರು ಮಾಡಿ ಹೊರಟೇಬಿಟ್ಟಳು. ಕೆಂಪು ಧೂಳು ಎದ್ದು ನಿಧಾನವಾಗಿ ಇಳಿಯಿತು.

ಕ್ಲೆಮ್ ಕಡ್ಡಿಯನ್ನು ಮುಟ್ಟಿಯೂ ಇರಲಿಲ್ಲ. ಅವಳು ಮುಟ್ಟಬಾರದು ಎನ್ನುವುದಷ್ಟೇ ಅವನ ಉಪಾಯ. ಮುಟ್ಟಿದ್ದರೆ ಎಂಜಿನ್ನಿನಲ್ಲಿ ಹೊಸ ಆಯಿಲ್ ಇರುವುದು ಒಂದೇ ನೋಟಕ್ಕೆ ತಿಳಿದುಬಿಡುತ್ತಿತ್ತು.

ಇದಕ್ಕೆಲ್ಲ ಮೂಲ ಅಂಗಡಿಯ ಗಾರ್ತ್. ಟಾಲಿವೆಲ್‌ನಂಥ ನಲವತ್ತು ಮನೆಯ ಊರಿನಲ್ಲಿ ಒಂದೇ ಅಂಗಡಿ ಇದ್ದರೆ ಅಂಗಡಿಯವನೇ ಪಂಡಿತ. ಹೋದ ವಾರ ನಾಲ್ಕು ಜನರ ಮುಂದೆ ಅವನು, "ಏನ್ ಕ್ಲೆಮ್, ಇನ್ನೂ ಆ ಡ್ರಮ್ಮಿನ ಮಾಮೂಲಿ ಆಯಿಲ್ಲೇನಾ? ಹೆಂಡ್ತಿನ ಈ ಬೆಂಕಿಯೊಳಗೆ ಕಳಿಸ್ತೀಯ, ಎಂಜಿನ್ನಿಗೆ ಮಾತ್ರ ಗಂಜಿ ಕುಡಿಸ್ತೀಯ. ಸಿಂಥೆಟಿಕ್ ಆಯಿಲ್ ಹಾಕಯ್ಯ. ಎಂಥ ಬಿಸಿಲಲ್ಲೂ ತೆಳ್ಳಗಾಗಲ್ಲ," ಎಂದ. ನಾಲ್ಕು ಜನರೂ ನಕ್ಕರು. ಗಂಡಸಿನ ಮಾನ ಇಂಥ ಕಡೆಯೇ ಹೋಗುವುದು.

ಮನೆಗೆ ಬಂದು ಹೇಳಿದರೆ ನೋಲಾ ಒಪ್ಪಲಿಲ್ಲ. "ನಾಲ್ಕೂವರೆ ಲಕ್ಷ ಕಿಲೋಮೀಟರ್ ಓಡಿರೋ ಮುದುಕಿ ಅದು. ಹಳೇ ಹೊಟ್ಟೆಗೆ ಹೊಸ ಊಟ ಯಾಕೆ? ಒಗ್ಗಿದ್ದು ಹಾಕು, ಸುಮ್ನಿರು."

ಅವಳು ಹೇಳಿದ್ದು ಸರಿ ಎಂದು ಅವನಿಗೂ ಗೊತ್ತಿತ್ತು. ಇದೇ ಮಾತನ್ನು ಅವನೇ ಹತ್ತು ಜನಕ್ಕೆ ಹೇಳಿದ್ದುಂಟು. ಹೊಸ ಗಾಡಿಗೆ ಸಿಂಥೆಟಿಕ್ ಅಮೃತ. ಆದರೆ ಹಳೇ ಎಂಜಿನ್ನಿನ ಒಣಗಿ ಬಿರುಕುಬಿಟ್ಟ ರಬ್ಬರ್ ಸೀಲುಗಳನ್ನು ಎಷ್ಟೋ ಸಲ ಹಳೇ ಆಯಿಲಿನ ಜಿಡ್ಡೇ ಮುಚ್ಚಿ ಹಿಡಿದಿರುತ್ತದೆ. ಸಿಂಥೆಟಿಕ್‌ಗೆ ಆ ಜಿಡ್ಡು ತೊಳೆದುಹೋದರೆ ಸೋರುವುದನ್ನು ತಡೆಯುವುದಕ್ಕೆ ಏನಿದೆ? ಗೊತ್ತಿದ್ದೂ ಭಾನುವಾರ ಅವಳು ಚರ್ಚಿಗೆ ಹೋದಾಗ ಹಳೆಯದನ್ನು ಇಳಿಸಿ ಹೊಸದನ್ನು ಸುರಿದ. ಟಪಾಲು ಮುಗಿಸಿ ಬಂದವಳು "ಎಂಜಿನ್ ಎಷ್ಟು ನುಣ್ಣಗೆ ಓಡ್ತು ಗೊತ್ತಾ!" ಅನ್ನಬೇಕು, ಆಗ ತಾನು ಗುಟ್ಟು ಬಿಡಬೇಕು. ಪ್ರೀತಿಯೂ ಇತ್ತು, ಜಂಬವೂ ಇತ್ತು. ಜಂಬದ್ದೇ ಒಂದು ತೂಕ ಹೆಚ್ಚು.

ಒಂಬತ್ತು ಗಂಟೆಗೆ ಸುತ್ತಿಗೆ ಹುಡುಕುತ್ತ ಅವನು ಶೆಡ್ಡಿಗೆ ಹೋದ. ಪಿಕಪ್ ನಿಲ್ಲುವ ಜಾಗದ ಮಣ್ಣು ಮೂವತ್ತು ವರ್ಷದ ಎಣ್ಣೆ ಕುಡಿದು ಕಪ್ಪಾಗಿತ್ತು, ಅಲ್ಲಿ ಹೊಸ ಕಲೆ ಕಾಣುವಂತಿರಲಿಲ್ಲ. ಆದರೆ ಕಾಲಿಟ್ಟ ಕೂಡಲೇ ಚಪ್ಪಲಿ ಜಾರಿತು. ಬಗ್ಗಿ ಬೆರಳಿಟ್ಟ. ಹಸಿಯಾಗಿತ್ತು. ಬೆರಳನ್ನು ಬೆಳಕಿಗೆ ಹಿಡಿದ. ಜೇನಿನ ಬಣ್ಣದ ಹೊಸ ಆಯಿಲ್.

ಮರುಕ್ಷಣವೇ ಅವನಿಗೆ ಇನ್ನೊಂದು ನೆನಪಾಯಿತು. ಟೇಪು. ಆರು ವರ್ಷದ ಹಿಂದೆ, ಆಯಿಲ್ ಕಡಿಮೆಯಾದರೆ ಹೊತ್ತಬೇಕಾದ ಡ್ಯಾಶ್‌ಬೋರ್ಡಿನ ದೀಪ ಕಾರಣವಿಲ್ಲದೆ ಕೆಂಪಗೆ ಮಿಣುಕುತ್ತದೆ ಎಂದು ನೋಲಾ ಗೊಣಗಿದಾಗ, ಅವನು ರಿಪೇರಿ ಮಾಡುವ ಬದಲು ಅದರ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿದ್ದ. ಈ ಸೀಮೆಯಲ್ಲಿ ಎಲ್ಲರೂ ಮಾಡುವುದೇ ಅದು. ತಂತಿ, ಟೇಪು, ಹಗ್ಗ ಇದ್ದರೆ ಸಂಸಾರ ನಡೆಯುತ್ತದೆ ಅನ್ನುವ ಜನ. ಅವಳು ಪ್ರತಿ ವಾರ ಕಡ್ಡಿ ನೋಡುತ್ತಿದ್ದಳಲ್ಲ, ದೀಪ ಯಾಕೆ ಬೇಕಿತ್ತು?

ಓಡಿಹೋಗಿ ಬೆರಿಲ್‌ಗೆ ಫೋನ್ ಮಾಡಿದ. ತೊಂಬತ್ತು ಕಿಲೋಮೀಟರ್ ಆಚೆ, ಎರಡು ಗೇಟು ದಾಟಿದರೆ ಅವಳ ದನದ ಫಾರ್ಮು. ದಾರಿಯ ಮೊದಲ ಮನೆ.

"ನೋಲಾನಾ? ಟೀ ಕುಡಿದು ಏಳೂವರೆಗೇ ಹೋದಳಲ್ಲ. ಯಾಕೆ, ಹೆಂಡ್ತಿ ಬಿಟ್ಟು ನಾಲ್ಕು ಗಂಟೆನೂ ಇರಕ್ಕಾಗಲ್ವಾ? ಏನು ತಪ್ಪು ಮಾಡಿದೀಯ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವನಿಗೆ. "ಏನಿಲ್ಲ. ಸುಮ್ನೆ," ಎಂದ.

"ಅಂಗಳದಲ್ಲಿ ಏನೋ ಸುರಿಸಿ ಹೋಗಿದಾಳೆ ನೋಡು. ನಾಯಿ ಮೂಸ್ತಾ ಇದೆ."

ಆಚೆಯ ಫಾರ್ಮಿಗೆ ಫೋನ್ ಹಚ್ಚಿದರೆ, ಟಪಾಲು ಇನ್ನೂ ಬಂದಿಲ್ಲ, ಹನ್ನೆರಡಕ್ಕೆ ಬರುವುದು ವಾಡಿಕೆ ಎಂದರು. ಅವರ ಎರಡು ಗಾಡಿಗಳೂ ದನದ ಹಿಂದೆ ಉತ್ತರಕ್ಕೆ ಹೋಗಿದ್ದವು. ಬೆರಿಲ್‌ಳ ಗಂಡ ಗಾಡಿ ತೆಗೆದುಕೊಂಡು ಪರವೂರಿಗೆ ಹೋಗಿದ್ದ. ಕ್ಲೆಮ್ ತನ್ನ ಜೀಪಿಗೆ ನಾಲ್ಕು ಕ್ಯಾನು ನೀರು ಹಾಕಿದ. ಡ್ರಮ್ಮಿನಿಂದ ಮಾಮೂಲಿ ಆಯಿಲ್ ಐದು ಲೀಟರ್ ಬಗ್ಗಿಸಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ದನ ತಪ್ಪಿಸಿಕೊಳ್ಳದಂತೆ ಆ ದಾರಿಗೆ ಅಡ್ಡವಾಗಿ ಒಟ್ಟು ಆರು ಗೇಟು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು ಅನ್ನುವುದು ಅಲ್ಲಿಯ ಧರ್ಮ. ಮುಚ್ಚಿದ್ದರೆ ಇಳಿದು ತೆರೆ, ಗಾಡಿ ದಾಟಿಸು, ಮತ್ತೆ ಇಳಿದು ಮುಚ್ಚು. ಹಾಗಾಗಿ ಪ್ರತಿ ಗೇಟಿನಲ್ಲೂ ನೋಲಾಳ ಪಿಕಪ್ ಎರಡು ಸಲ ನಿಂತಿತ್ತು. ನಿಂತಲ್ಲೆಲ್ಲ ತೊಟ್ಟಿಕ್ಕಿತ್ತು.

ಮೊದಲ ಗೇಟಿನ ಕೆಂಪು ಮಣ್ಣಿನಲ್ಲಿ ನಾಣ್ಯದಷ್ಟು ಕಲೆ. ಎರಡನೆಯದರಲ್ಲಿ ಸಾಸರಿನಷ್ಟು. ಬೆರಿಲ್‌ಳ ಅಂಗಳದಲ್ಲಿ ಅವನು ನಿಲ್ಲಿಸಲೂ ಇಲ್ಲ. ಮೂರನೇ ಗೇಟಿನಲ್ಲಿ ಊಟದ ತಟ್ಟೆಯಷ್ಟಿತ್ತು, ಬಣ್ಣವೂ ಕಪ್ಪಾಗಿತ್ತು. ವರ್ಷಗಳ ಜಿಡ್ಡು ಕಿತ್ತುಕೊಂಡು ಬರುತ್ತಿದೆ ಎಂದು ಅವನಿಗೆ ಅರ್ಥವಾಯಿತು. ನಾಲ್ಕನೇ ಗೇಟಿನಲ್ಲಿ ಕಲೆ ಹರಿದು ಚಕ್ರದ ಗುರುತಿನೊಳಗೆ ಇಳಿದಿತ್ತು. ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋದಲ್ಲಿ ಅವಳ ಹೆಸರು ಕೂಗಿ ಕೂಗಿ ಅವನ ಗಂಟಲು ಒಣಗಿತು. ಹಾಡು ಹಾಕಿಕೊಂಡರೆ ಅವಳು ರೇಡಿಯೋ ಆರಿಸುವವಳು. ಹಾಡಿನ ಗದ್ದಲದಲ್ಲಿ ಎಂಜಿನ್ನಿನ ಟಕಟಕವೂ ಕೇಳಿಸಿರಲಾರದು.

ಐದನೇ ಗೇಟಿನಲ್ಲಿ ಕಲೆ ಇರಲಿಲ್ಲ.

ಕ್ಲೆಮ್ ಇಳಿದು ಗೇಟಿನ ಈಚೆ ಹುಡುಕಿದ, ಆಚೆ ಹುಡುಕಿದ. ಅವಳ ಚಪ್ಪಲಿಯ ಗುರುತಿತ್ತು, ಚಕ್ರದ ಗುರುತಿತ್ತು, ಎಣ್ಣೆ ಒಂದು ಹನಿಯೂ ಇರಲಿಲ್ಲ. ಸದ್ಯ, ಸೋರುವುದು ನಿಂತಿದೆ ಎಂದು ಅವನ ಬಾಯಿಂದ ಉಸಿರು ಹೊರಬಂತು. ಗೇಟಿನ ಸರಪಳಿ ಹಾಕುತ್ತಿದ್ದ ಕೈ ಅಲ್ಲೇ ನಿಂತಿತು. ನಿಂತದ್ದಲ್ಲ. ಸೋರುವುದಕ್ಕೆ ಒಳಗೆ ಏನೂ ಉಳಿದಿರಲಿಲ್ಲ.

ಹನ್ನೊಂದು ಕಿಲೋಮೀಟರ್ ಮುಂದೆ ಪಿಕಪ್ ಸಿಕ್ಕಿತು. ಬಾನೆಟ್ ಎತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ಹೋಗಬೇಡ ಎಂದು ಅಲ್ಲಿಯ ಮಕ್ಕಳಿಗೂ ಗೊತ್ತು. ಊರಿಗೆಲ್ಲ ಅದನ್ನು ಹೇಳಿಕೊಡುವವಳೇ ನೋಲಾ. ರೇಡಿಯೇಟರಿನ ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಎರಡು ನೀರಿನ ಕ್ಯಾನು ಬಿದ್ದಿದ್ದವು, ಎರಡೂ ಖಾಲಿ. ಸೀಟಿನ ಮೇಲೆ ಒಂದು ಲಕೋಟೆಯ ಬೆನ್ನಿಗೆ ಅವಳ ಕೈಬರಹ:

"ಎಂಜಿನ್ ಕಾದಿದೆ. ಆಯಿಲ್ ತೊಂದರೆ ಅಲ್ಲ, ಬೆಳಿಗ್ಗೆ ಕ್ಲೆಮ್ ನೋಡಿದ್ದಾನೆ. ರೇಡಿಯೇಟರೇ ಇರಬೇಕು. ಇದ್ದ ನೀರೆಲ್ಲ ಸುರಿದೆ. ಈಗ ಸ್ಟಾರ್ಟೇ ಆಗುತ್ತಿಲ್ಲ. ರೇಡಿಯೋದಲ್ಲಿ ಕರೆದೆ, ಯಾರಿಗೂ ಮುಟ್ಟುತ್ತಿಲ್ಲ. ಕುಡಿಯೋಕೆ ಅರ್ಧ ಬಾಟಲಿ ಇದೆ. ನೀರಿಲ್ಲದೆ ಇಲ್ಲಿ ಕೂತರೂ ಸಾವೇ. ಆರನೇ ಗೇಟಿನ ಆಚೆ ದನದ ನೀರಿನ ತೊಟ್ಟಿಗೆ ನಡೆಯುತ್ತಿದ್ದೇನೆ. 10.40."

ಈಗ ಒಂದೂವರೆ. ಕ್ಲೆಮ್ ಒಮ್ಮೆ ದೊಡ್ಡದಾಗಿ ಅವಳ ಹೆಸರು ಕೂಗಿದ. ಅತ್ತನೋ ಕೂಗಿದನೋ ಅವನಿಗೇ ತಿಳಿಯಲಿಲ್ಲ. ಜೀಪು ಹತ್ತಿ ಅವಳ ಹೆಜ್ಜೆಯ ಗುರುತು ಹಿಡಿದು ಹೊರಟ. ಮೊದಲು ನೇರವಾಗಿದ್ದ ಹೆಜ್ಜೆಗಳು ಆಮೇಲೆ ಹತ್ತಿರ ಹತ್ತಿರವಾದವು, ಒಂದು ಕಡೆ ಮಂಡಿ ಊರಿದ ಗುರುತೂ ಇತ್ತು.

ಆರನೇ ಗೇಟಿನ ಆಚೆ, ಕಂಬದ ಒಂದು ಗೇಣು ನೆರಳಿನಲ್ಲಿ ಅವಳು ಒರಗಿ ಕೂತಿದ್ದಳು. ತೊಟ್ಟಿ ಇನ್ನೂ ಮೂರು ಕಿಲೋಮೀಟರ್ ಇತ್ತು. ಆ ಸ್ಥಿತಿಯಲ್ಲೂ ಗೇಟು ಮುಚ್ಚಿ, ಸರಪಳಿ ಹಾಕಿದ್ದಳು. ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಬೆವರು ನಿಂತುಹೋಗಿತ್ತು. ಕ್ಲೆಮ್ ಅವಳ ಅಂಗಿಗೆಲ್ಲ ನೀರು ಸುರಿದ, ತುಟಿಗೆ ಹನಿ ಹನಿಯಾಗಿ ಹಾಕಿದ, ಟವೆಲು ಒದ್ದೆ ಮಾಡಿ ಗಾಳಿ ಬೀಸಿದ. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು.

"ರೇಡಿಯೇಟರಾ?" ಎಂದಳು.

ಜೀಪಿನಲ್ಲಿ ಐದು ಲೀಟರ್ ಮಾಮೂಲಿ ಆಯಿಲ್ ಇತ್ತು. ಹೋಗುವಾಗ ಪಿಕಪ್ಪಿಗೆ ಸುರಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. "ಹೂಂ" ಅನ್ನುವುದಕ್ಕೆ ಅವನ ನಾಲಿಗೆ ಎದ್ದದ್ದೂ ನಿಜ.

"ಅಲ್ಲ ನೋಲಾ. ಆಯಿಲ್. ಭಾನುವಾರ ಹೊಸದು ಹಾಕಿದ್ದೆ. ಬೆಳಿಗ್ಗೆ ನಾನು ನೋಡಿರಲಿಲ್ಲ."

ಅವಳು ಅವನ ಕೈಯಲ್ಲಿದ್ದ ತನ್ನ ಕೈಯನ್ನು ನಿಧಾನವಾಗಿ ಎಳೆದುಕೊಂಡಳು.

ನೋಲಾಳನ್ನು ಬೆರಿಲ್‌ಳ ಮನೆ ಮುಟ್ಟಿಸಿ, ಅಲ್ಲಿಂದ ಊರಿನ ನರ್ಸಿಗೆ ಫೋನ್ ಮಾಡಿ, ಕರೆತರಬಹುದು ಎಂದು ನರ್ಸಿನ ಅಪ್ಪಣೆಯಾದ ಮೇಲೆ ಊರ ಕಡೆ ಹೊರಟರು. ಪಕ್ಕದಲ್ಲಿ ಕೂತವರು ಇಳಿದು ಗೇಟು ತೆರೆಯುವುದು ವಾಡಿಕೆ. ಅವತ್ತು ಕ್ಲೆಮ್ಮೇ ಇಳಿದ, ಕ್ಲೆಮ್ಮೇ ತೆರೆದ. ಎರಡನೇ ಗೇಟಿನಲ್ಲಿ ಸಾಸರಿನಷ್ಟು ಕಲೆಯನ್ನು ಅವಳು ಕಿಟಕಿಯಿಂದ ನೋಡಿದಳು. ಮೊದಲನೇ ಗೇಟಿನಲ್ಲಿ, ಸಂಜೆಯ ಓರೆ ಬಿಸಿಲಲ್ಲಿ, ನಾಣ್ಯದಷ್ಟು ಕಲೆ ಇನ್ನೂ ಮಿನುಗುತ್ತಿತ್ತು.

"ಇದನ್ನ ಬೆಳಿಗ್ಗೆ ನೋಡಿದ್ದೆ ನಾನು," ಎಂದಳು ನೋಲಾ. "ಗೇಟು ಮುಚ್ಚೋಕೆ ಹಿಂದೆ ಬಂದಾಗ ಇಲ್ಲೇ ನಿಂತು ನೋಡಿದ್ದೆ. ಬಗ್ಗಿ ಬೆರಳಿಡೋಣ ಅಂತಲೂ ಹೊರಟಿದ್ದೆ."

ಕ್ಲೆಮ್ ಸರಪಳಿ ಹಿಡಿದು ನಿಂತಿದ್ದ.

"ಆಮೇಲೆ ಅಂದ್ಕೊಂಡೆ, ನಮ್ಮದಲ್ಲ ಬಿಡು, ಕ್ಲೆಮ್ ನೋಡಿದಾನಲ್ಲ ಅಂತ."