ಗೋಡೆಗೆ ಒಂದು ಹೆಜ್ಜೆ ಮೊದಲು

ಅವನದು ತೂಕದ ಯಂತ್ರಗಳನ್ನು ಪರೀಕ್ಷಿಸುವ ನೌಕರಿ. ಅಂಗಡಿ, ಗೋದಾಮುಗಳಿಗೆ ಹೋಗಿ, ಹಿತ್ತಾಳೆಯ ಬಟ್ಟುಗಳನ್ನು ಒಂದೊಂದಾಗಿ ಇಟ್ಟು, ಯಂತ್ರ ನಿಜ ಹೇಳುತ್ತದೆ ಎಂದು ಖಾತ್ರಿಯಾದ ಮೇಲೆ ಮುದ್ರೆ ಒತ್ತಬೇಕು. ಬಿಡುವಿನ ವೇಳೆಗೆ ಇನ್ನೊಂದು ಹುಚ್ಚಿತ್ತು. ಅವನು ಚಿಕ್ಕವನಿದ್ದಾಗ ಅಂಗೈಯಲ್ಲಿ ಹಿಡಿದು ಆಡುತ್ತಿದ್ದ ಗೇಮ್ ಯಂತ್ರವನ್ನು ಈಗ ಯಾರೂ ತಯಾರಿಸುವುದಿಲ್ಲ. ಅದು ಹೇಗೆ ನಡೆದುಕೊಳ್ಳುತ್ತಿತ್ತೋ ಕಂಪ್ಯೂಟರಿನೊಳಗೆ ಹಾಗೆಯೇ ನಡೆದುಕೊಳ್ಳುವ ಎಮ್ಯುಲೇಟರೊಂದನ್ನು ಎಲ್ಲೆಲ್ಲಿನವರೋ ಸೇರಿ ಬರೆಯುತ್ತಿದ್ದರು. ಅಲ್ಲಿ ಸಂಬಳವೂ ಇಲ್ಲ, ಯಜಮಾನನೂ ಇಲ್ಲ. ಕೋಡ್ ಎಲ್ಲರ ಮುಂದೆ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಜಗಳ ತೆಗೆಯಬಹುದು. ಜಗಳಕ್ಕಂತೂ ಯಾವತ್ತೂ ಬರವಿರಲಿಲ್ಲ.

ಅಲ್ಲಿ ಅವನ ಹೆಸರು ‘ತಕ್ಕಡಿ’. ಹನ್ನೊಂದು ವರ್ಷಗಳ ಹಿಂದೆ ತನ್ನ ಸ್ವಂತ ಯಂತ್ರಕ್ಕೆ ತಂತಿ ಹಚ್ಚಿ, ಅದು ಹೊರಡಿಸುವ ಪ್ರತಿಯೊಂದು ಸದ್ದನ್ನೂ ಅಳೆದು ಬರೆದುಕೊಟ್ಟವನು ಅವನೇ. ಯಂತ್ರ ಮಾರನೆಯ ವರ್ಷವೇ ಕಣ್ಣು ಮುಚ್ಚಿತು. ಅಳತೆ ಮಾತ್ರ ಅಲ್ಲಿ ವೇದವಾಕ್ಯವಾಗಿ ಉಳಿಯಿತು.

ಹೀಗಿರುವಾಗ ‘ಇರುವೆ’ ಎಂಬ ಹೊಸಬರೊಬ್ಬರು ಬಂದರು. ಗಂಡೋ ಹೆಣ್ಣೋ ಯಾರಿಗೂ ತಿಳಿಯದು. ಚಕ್ರವ್ಯೂಹದಂಥ ಒಂದು ಆಟದಲ್ಲಿ ಗೋಡೆಗೆ ಒಂದು ಹೆಜ್ಜೆ ಇರುವಾಗ ಎಮ್ಯುಲೇಟರ್ ಸಣ್ಣಗೆ ‘ಟಿಕ್’ ಎನ್ನುತ್ತದೆ, ತನ್ನ ಬಳಿ ಇರುವ ಮೂರು ಯಂತ್ರಗಳಲ್ಲಿ ಒಂದೂ ಹಾಗೆ ಅನ್ನುವುದಿಲ್ಲ ಎಂಬುದು ಅವರ ದೂರು. ನಮ್ಮ ತಕ್ಕಡಿ ಮೂರು ಸಲ ಆ ದೂರನ್ನು ಮುಚ್ಚಿದ. ಮೊದಲ ಸಲ ವಿನಯದಿಂದ, ಎರಡನೆಯ ಸಲ ಚುಟುಕಾಗಿ, ಮೂರನೆಯ ಸಲ ‘ಹನ್ನೊಂದು ವರ್ಷದಿಂದ ಯಾರ ಕಿವಿಗೂ ಬೀಳದ್ದು ನಿಮ್ಮ ಕಿವಿಗೆ ಮಾತ್ರ ಬಿತ್ತೇ’ ಎಂಬ ಕೊಂಕಿನೊಡನೆ.

ಅವನ ಹಟಕ್ಕೆ ಜಂಬವೊಂದೇ ಕಾರಣವಾಗಿರಲಿಲ್ಲ. ಮನೆಯಲ್ಲಿ ಅಕ್ಕ ಇದ್ದಳು. ಅವನಿಗಿಂತ ಎರಡು ವರ್ಷ ದೊಡ್ಡವಳು, ಹುಟ್ಟಿನಿಂದಲೇ ಕಣ್ಣು ಕಾಣದವಳು, ಆಸ್ಪತ್ರೆಯ ಟೆಲಿಫೋನ್ ವಿಭಾಗದಲ್ಲಿ ಕೆಲಸ. ನಾಲ್ಕು ಗಂಟೆಗೆ ಮನೆಗೆ ಬಂದು, ಅವನು ಸ್ಟೀಲ್ ಲೋಟದಲ್ಲಿ ಕೊಟ್ಟ ಟೀ ಕುಡಿದು, ಹೆಡ್‌ಫೋನ್ ಏರಿಸಿ ಎಮ್ಯುಲೇಟರಿನಲ್ಲಿ ಅದೇ ಆಟಕ್ಕೆ ಕೂರುತ್ತಿದ್ದಳು. ಗೋಡೆ ಮುಟ್ಟಿದರೆ ಒಂದು ಜೀವ ಹೋಗುತ್ತದೆ. ಮುಟ್ಟುವ ಮುನ್ನ ಆ ‘ಟಿಕ್’ ಅವಳಿಗೆ ಎಚ್ಚರಿಕೆ ಕೊಡುತ್ತಿತ್ತು. ಅದನ್ನೇ ನಂಬಿ ಅವಳು ಅರವತ್ತೊಂದನೆಯ ಮಹಡಿ ಹತ್ತಿದ್ದಳು. ಎರಡು ಕಣ್ಣಿದ್ದೂ ಅವನು ಇಪ್ಪತ್ತು ದಾಟಿದವನಲ್ಲ.

ನಾಲ್ಕನೆಯ ಸಲ ಇರುವೆ ವಾದಕ್ಕೆ ಬರಲಿಲ್ಲ. ತನ್ನ ಮೂರರಲ್ಲಿ ಒಂದು ಯಂತ್ರವನ್ನು ಅಂಚೆಯಲ್ಲಿ ಕಳಿಸಿತು. ಅವನು ಅದನ್ನು ಮೇಜಿನ ಮೇಲಿಟ್ಟು ಆಡಿದ. ಗೋಡೆಯ ಹತ್ತಿರ ಹೋದ, ಮತ್ತೆ ಹೋದ. ಸದ್ದಿಲ್ಲ. ಕೊನೆಗೆ ತನ್ನ ಸತ್ತ ಯಂತ್ರವನ್ನು ಕಪಾಟಿನಿಂದ ತೆಗೆದು ಬಿಚ್ಚಿ ನೋಡಿದ. ಸ್ಪೀಕರಿನ ಪಕ್ಕದ ಬಿಡಿಭಾಗವೊಂದರ ಬುಡದಲ್ಲಿ ಹಸಿರು ಕಿಲುಬು ಹಿಡಿದಿತ್ತು. ನೀರು ಹೊಕ್ಕ ಗುರುತು.

ಆ ನೀರು ಅವನಿಗೆ ಗೊತ್ತಿದ್ದದ್ದೇ. ಒಂಬತ್ತನೆಯ ವಯಸ್ಸಿನಲ್ಲಿ ಬಚ್ಚಲಿನ ಬಕೆಟ್ಟಿಗೆ ಯಂತ್ರ ಕೆಡವಿ, ಅಕ್ಕ ಕೆಡವಿದಳು ಎಂದು ಅಮ್ಮನಿಗೆ ಹೇಳಿದ್ದ. ಅಮ್ಮ ಅಕ್ಕನಿಗೆ ಎರಡು ಬಿಗಿದಿದ್ದಳು. ಯಂತ್ರ ಬಿಸಿಲಿನಲ್ಲಿ ಒಣಗಿ ಬದುಕಿಕೊಂಡಿತು, ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದ. ಕಣ್ಣಿನಿಂದಲೇ ಆಡುತ್ತಿದ್ದವನಿಗೆ ಸದ್ದು ಬದಲಾದದ್ದು ಗಮನಕ್ಕೇ ಬಂದಿರಲಿಲ್ಲ. ಅಂಗಡಿಯಲ್ಲಿ ಒಂದೇ ಬಟ್ಟು ಇಟ್ಟು ಎಂದೂ ಮುದ್ರೆ ಒತ್ತದ ಮನುಷ್ಯ, ಒಂದೇ ಯಂತ್ರವನ್ನು, ಅದೂ ನೀರು ಕುಡಿದದ್ದನ್ನು ಅಳೆದು, ಸಾವಿರಾರು ಜನರಿಗೆ ಇದೇ ಸತ್ಯವೆಂದು ಹಂಚಿದ್ದ.

ಮೂರು ದಿನ ಇರುವೆಗೆ ಉತ್ತರ ಬರೆಯಲಾಗಲಿಲ್ಲ. ತಿದ್ದಿದರೆ ಅಕ್ಕನ ಆಟ ಹೋಗುತ್ತದೆ. ತಿದ್ದದಿದ್ದರೆ ಗೊತ್ತಿದ್ದೂ ಸುಳ್ಳಿಗೆ ಮುದ್ರೆ ಒತ್ತಿದಂತೆ. ತಿದ್ದಿ ಕಾರಣ ಹೇಳಹೊರಟರೆ ಬಕೆಟ್ಟಿನ ತನಕ ಹೋಗಬೇಕು. ಅವನಿಗೆ ನಾಚಿಕೆಯಾಗಿತ್ತು, ಹೆದರಿಕೆಯೂ ಆಗಿತ್ತು.

ಭಾನುವಾರ ಊಟದ ನಂತರ ತಿದ್ದಿದ ಆವೃತ್ತಿಯನ್ನು ಅಕ್ಕನ ಮುಂದಿಟ್ಟ. ಹೇಗೆ ಶುರುಮಾಡಲಿ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅವಳು ಮೊದಲ ಮಹಡಿಯಲ್ಲೇ ಮೂರು ಸಲ ಸತ್ತು ಹೆಡ್‌ಫೋನ್ ಇಳಿಸಿದಳು.

"ಬಕೆಟ್ ಸದ್ದು ತೆಗೆದುಬಿಟ್ಯಾ?"

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಯಾವ ಬಕೆಟ್ ಎಂದು ಕೇಳುವಷ್ಟು ಧೈರ್ಯ ಮಾತ್ರ ಉಳಿದಿತ್ತು.

"ನೀನು ಕೆಡವಿದ್ದು ಕಣೋ. ನಾನು ಬಾಗಿಲಲ್ಲೇ ನಿಂತಿದ್ದೆ, ಕೇಳಿಸ್ತು. ಏಟು ತಿಂದೋಳು ನಾನು, ಮರೀತೀನಾ?"

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅದಕ್ಕೆ ಮೊದಲು ಎಷ್ಟು ಸಲ ಆಡಿದರೂ ಗೋಡೆಗೆ ಬಡಿದು ಸಾಯುತ್ತಿದ್ದಳಂತೆ. ಒಣಗಿದ ಮೇಲೆ ಟಿಕ್ ಬಂತು, ಆಟ ಕೈಗೆ ಹತ್ತಿತು. ನಿಜ ಹೇಳಿದ್ದರೆ ಅಮ್ಮ ಯಂತ್ರವನ್ನು ಬೀರುವಿಗೆ ಸೇರಿಸುತ್ತಿದ್ದಳು. ಸುಮ್ಮನಿದ್ದದ್ದಕ್ಕೆ, ಕಳ್ಳನ ಮನಸ್ಸು ಹುಳ್ಳುಳ್ಳಗಾಗಿ, ತಮ್ಮ ದಿನಾ ಒಂದು ಗಂಟೆ ಆಟ ಬಿಟ್ಟುಕೊಟ್ಟ. ಒಳ್ಳೆಯ ಲಾಭವೇ ಆಯಿತು ಎಂದು ನಕ್ಕಳು. ನಗು ನಿಂತ ಮೇಲೆ, ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತಾ ಒಂದು ಮಾತು ಸೇರಿಸಿದಳು.

"ಆದ್ರೆ ಅವತ್ತಿಂದ ಅಮ್ಮ ಹೋಗೋ ತನಕ, ನನ್ನ ಕೈಗೆ ಒಂದು ಗಾಜಿನ ಲೋಟ ಕೊಡ್ಲಿಲ್ಲ. ಅದೊಂದು ಬೇಜಾರು."

ತಪ್ಪಾಯಿತು ಎಂಬ ಮಾತು ಮೂವತ್ತು ವರ್ಷ ತಡವಾಗಿ ಬಂದದ್ದರಿಂದ ಅದರ ತೂಕ ಕಡಿಮೆಯೇ ಅನ್ನಿಸಿತು. ಆದರೂ ಹೇಳಿದ.

ಸಂಜೆಯ ಹೊತ್ತಿಗೆ ಎಲ್ಲರಿಗೂ ಸರಿಯಾದ ಸದ್ದು ಬರುವಂತೆ ತಿದ್ದಿ, ಹಳೆಯ ಟಿಕ್ಕನ್ನು ಬೇಕಾದವರು ಹಾಕಿಕೊಳ್ಳುವ ಬೇರೆ ಸೆಟ್ಟಿಂಗ್ ಮಾಡಿದ. ಅಕ್ಕ ಅದಕ್ಕೆ ‘ಬಕೆಟ್’ ಎಂದೇ ಹೆಸರಿಡಿಸಿದಳು. ತಿದ್ದುಪಡಿಯ ಜೊತೆಗಿಡುವ ಟಿಪ್ಪಣಿಯನ್ನು ಅವಳಿಗೆ ಓದಿದ: ಇರುವೆ ಹೇಳಿದ್ದು ಸರಿ; ತಾನು ಅಳೆದ ಯಂತ್ರಕ್ಕೆ ಹಿಂದೊಮ್ಮೆ ನೀರು ಹೊಕ್ಕಿತ್ತು; ಒಂದೇ ಯಂತ್ರ ಅಳೆದದ್ದು ತನ್ನ ತಪ್ಪು; ‘ಬಕೆಟ್’ ಸೆಟ್ಟಿಂಗ್ ಆ ಟಿಕ್ ಕೇಳಿಕೊಂಡೇ ಆಡುವ, ಕಣ್ಣು ಕಾಣದ ಅಕ್ಕನಿಗಾಗಿ.

"ಯಾರು ಕೆಡವಿದ್ದು ಅಂತ ಬರೀಲಿಲ್ವಾ?" ಅಂದಳು ಅಕ್ಕ.

ಅವನು ಕೂತು ಬರೆದ: ‘ಕೆಡವಿದ್ದು ನಾನು. ಅಕ್ಕನ ಮೇಲೆ ಹೊರಿಸಿದ್ದೆ.’ ಆ ಕೋಡ್ ಇರುವವರೆಗೆ ಆ ಸಾಲನ್ನು ಯಾರು ಬೇಕಾದರೂ ಓದಬಹುದು. ಕಳಿಸಿದ.

ಗಂಟೆಯೊಳಗೆ ಇರುವೆ ಒಪ್ಪಿಗೆ ಕೊಟ್ಟಿತು. ಅಡಿಯಲ್ಲಿ ಒಂದು ಪ್ರಶ್ನೆ: ನಿಮ್ಮ ಅಕ್ಕ ಈಗ ಎಷ್ಟನೆಯ ಮಹಡಿಯಲ್ಲಿದ್ದಾರೆ? ಅರವತ್ತೊಂದು ಎಂದು ತಿಳಿದು ಅದು ಬಹಳ ಹೊತ್ತು ಏನೂ ಬರೆಯಲಿಲ್ಲ. ಅಕ್ಕನಿಗೆ ಅದು ಖುಷಿ ಕೊಟ್ಟಿತು.

ಅವನು ಟೀ ಮಾಡಲು ಎದ್ದ. ಸೋಸುವಾಗ ಕೈ ತಾನಾಗಿ ಅಕ್ಕನ ಸ್ಟೀಲ್ ಲೋಟದತ್ತ ಹೋಯಿತು. ಅಮ್ಮ ಹೋಗಿ ಆರು ವರ್ಷವಾಗಿತ್ತು. ಈ ಆರು ವರ್ಷ ಅದರಲ್ಲೇ ಕೊಟ್ಟವನು ಅವನೇ. ಅದನ್ನು ಬದಿಗಿಟ್ಟು, ಗಾಜಿನವೆರಡನ್ನು ಇಳಿಸಿ ತೊಳೆದು ಟೀ ತುಂಬಿಸಿದ.

ಅಕ್ಕ ಲೋಟ ಹಿಡಿದು, ಅಂಚಿನ ಸುತ್ತ ನಿಧಾನವಾಗಿ ಬೆರಳಾಡಿಸಿದಳು. ಕೊನೆಯ ಗುಟುಕಿನವರೆಗೂ ಕುಡಿದಳು.

"ಇದು ಒಡೆದ್ರೆ," ಅಂದಳು ಆಮೇಲೆ, "ನಾನೇ ಒಡೆದೆ ಅಂತ ಬರ್ಕೋ."